ಚಕ್ಕಡಿ ನನಗಾಗಿ ಬಂದಿತ್ತು

ಕಾವ್ಯಾ, ಮಲ್ಲು, ನೀವಿಬ್ಬರೂ ಊರಿಗೆ ಹೋದ ಮೇಲೆ ಇದನ್ನು ಬರೆಯಲು ಕುಳಿತಿದ್ದೇನೆ. ಎದುರಿಗೆ ಜನ ಇದ್ದರೆ ನನಗೆ ಬಾಯಿ ಬರುವುದಿಲ್ಲ, ಮೊಮ್ಮಕ್ಕಳಾದರೂ ಅಷ್ಟೇ. ಕನ್ನೊಳ್ಳಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇವು. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ಮಗ್ಗುಲಲ್ಲಿ ಮೊನ್ನೆ ಗೌರಿ ತಂದುಕೊಟ್ಟ ಕುಲಾವಿ ಇದೆ. ಕೂಸಿನ ತಲೆಗೆ ಹಾಕಿ ಗಲ್ಲದ ಕೆಳಗೆ ಲಾಡಿ ಕಟ್ಟುವ ಟೊಪ್ಪಿಗೆ. ಗೌರಿ ನನ್ನ ಅಕ್ಕ ನೀಲವ್ವನ ಮಗಳು. ಅಕ್ಕ ತೀರಿಕೊಂಡ ಮೇಲೆ ಅವಳ ಟ್ರಂಕಿನ ತಳದಲ್ಲಿ ಇದು ಸಿಕ್ಕಿತಂತೆ. ಹಸಿರು ಖಣ, ಕೆಂಪು ಲಾಡಿ. ಹೊಲಿದವಳು ನಾನು. ಅದನ್ನು ಕೈಗೆ ತೆಗೆದುಕೊಂಡವಳು ಕೆಳಗಿಡಲೇ ಇಲ್ಲ. ಯಾಕೆಂದು ನೀವು ಕೇಳಿದಿರಿ. ಇದನ್ನು ಒಯ್ದು ಕೊಡಲು ಹೊಳೆಯ ನಡುಗಡ್ಡೆಯಲ್ಲಿ ಒಂದು ಇಡೀ ದಿನ ನಡೆದಿದ್ದೆ ಎಂದೆ. ಮಲ್ಲು, ನೀನು ಫೋನಿನಲ್ಲಿ ಆ ಗಡ್ಡೆಯನ್ನು ತೆಗೆದು, ಎರಡು ಬೆರಳಿನಿಂದ ಹಿಗ್ಗಿಸಿ ನೋಡಿ ನಕ್ಕೆ. "ಆಯಿ, ಇಷ್ಟ ಐತಿ ಇದು. ಗಾಡಿ ಮ್ಯಾಲ ಹತ್ತು ಮಿನಿಟು."

ಹತ್ತು ಮಿನಿಟಂತೆ. ಅವತ್ತು ರಾತ್ರಿ ಉಂಡದ್ದು ಮೈಗೆ ಹತ್ತಲಿಲ್ಲ ನನಗೆ.

ನೀನು ಹೇಳಿದ್ದು ಸುಳ್ಳಲ್ಲ. ಹರಗೋಲು ಇಳಿಯುವ ದಂಡೆಯಿಂದ ಅಕ್ಕನ ಮನೆಗೆ ನೆಟ್ಟಗೆ ಒಂದು ಹಾದಿ ಇತ್ತು. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹೊರಟರೆ ಅದು ಮುಗಿಯುವುದರೊಳಗೆ ಮನೆ. ಆ ಹಾದಿ ನನಗಿರಲಿಲ್ಲ ಅಷ್ಟೇ.

ಎಪ್ಪತ್ತರ ದಶಕದ ಮಾತು. ನಿಮ್ಮ ಮುತ್ಯಾ, ನನ್ನ ಯಜಮಾನರು, ಆಲಮಟ್ಟಿಯಲ್ಲಿ ಅಣೆಕಟ್ಟಿನ ಕೆಲಸಕ್ಕೆ ಹೋಗುತ್ತಿದ್ದರು. ಅಕ್ಕನ ಮೊದಲ ಹೆರಿಗೆ. ಮೊದಲ ಹೆರಿಗೆ ತವರಲ್ಲಿ ಆಗಬೇಕು, ಆದರೆ ನಮ್ಮ ಅವ್ವ ಇರಲಿಲ್ಲ, ಅಣ್ಣ ತಮ್ಮಂದಿರೂ ಇರಲಿಲ್ಲ, ಅಪ್ಪನಿಗೆ ಕಾಲು ಊನ. ಹೀಗಾಗಿ ಅಕ್ಕ ಗಂಡನ ಮನೆಯಲ್ಲೇ ಹಡೆದಳು. ಬಾಣಂತನ ಮಾಡುವ ತವರಿಲ್ಲದವಳು ಎಂದು ಅವಳ ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದ ಸುದ್ದಿ ನನ್ನ ಕಿವಿಗೂ ಬಿದ್ದಿತ್ತು. ಇನ್ನು ಉಳಿದದ್ದು ತೊಟ್ಟಿಲಿಗೆ ಹಾಕುವ ದಿನ. ಅವತ್ತು ತವರಿನ ಕುಲಾವಿ ಕೂಸಿನ ತಲೆಯ ಮೇಲೆ ಇರಲೇಬೇಕು. ಅದೂ ತಪ್ಪಿದರೆ ಅಕ್ಕ ಆ ಮನೆಯಲ್ಲಿ ತಲೆ ಎತ್ತುವುದು ಹೇಗೆ? ತವರು ಎಂದರೆ ನಾನೊಬ್ಬಳೇ. ಆಗ ನನಗೆ ಹತ್ತೊಂಬತ್ತು ಇರಬೇಕು.

ನಿಮ್ಮ ಮುತ್ಯಾರಿಗೆ ರಜೆ ಸಿಗಲಿಲ್ಲ. ತಮ್ಮ ಅಣ್ಣನನ್ನು ಜೊತೆ ಮಾಡಿ ಕಳಿಸಿದರು. ಬೆಳಿಗ್ಗೆ ಹೋಗಿ ಸಂಜೆಯ ಹರಗೋಲಿಗೆ ಮರಳಬೇಕೆಂದು ನನ್ನ ಅತ್ತೆಯ ಅಪ್ಪಣೆ. ಆ ಭಾವನವರ ಎದುರು ನಾನು ಸೆರಗು ಇಳಿಸಿಕೊಂಡು ನಿಲ್ಲುವವಳು, ಅವರೊಡನೆ ಮಾತಿಲ್ಲ, ಅವರು ಕುಳಿತ ಕಡೆ ಕೂಡುವಂತಿಲ್ಲ. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಒಂದಿಷ್ಟು ಶಾಪ ಹಾಕಿ ಎಂದೋ ಮರೆಯುತ್ತಿದ್ದೆ.

ಹರಗೋಲು ನಿಮಗೆ ಗೊತ್ತಿರಲಿಕ್ಕಿಲ್ಲ. ದೊಡ್ಡ ಬುಟ್ಟಿ ಅದು. ನಡುನೀರಿನಲ್ಲಿ ಗಿರ್ರನೆ ತಿರುಗಿದಾಗ ಮುದ್ದೇಬಿಹಾಳ ಯಾವ ದಿಕ್ಕು, ಗಡ್ಡೆ ಯಾವ ದಿಕ್ಕು ಒಂದೂ ತಿಳಿಯಲಿಲ್ಲ. ಗಂಟನ್ನು ಅಪ್ಪಿಕೊಂಡು ಕಣ್ಣು ಮುಚ್ಚಿ ಕುಳಿತಿದ್ದೆ. ಗಂಟಿನಲ್ಲಿ ಬಾಣಂತಿಗೆ ಅಂಟಿನುಂಡಿ, ಕೊಬ್ಬರಿ, ಬೆಲ್ಲ, ಮೇಲೆ ಕುಲಾವಿ.

ಆಚೆ ದಂಡೆಯಲ್ಲಿ ಒಂದು ಚಕ್ಕಡಿ ನಿಂತಿತ್ತು. ಇಡೀ ಗಡ್ಡೆಗೆ ಇದ್ದದ್ದು ಅದೊಂದೇ ಚಕ್ಕಡಿ. ಹೊಡೆಯುವವನು ಇಳಿದು ಬಂದು, "ತಂಗೀನ ಕರಕೊಂಡು ಬಾ ಅಂತ ನೀಲವ್ವಾರು ಕಳಿಸ್ಯಾರ್ರಿ" ಎಂದ. ನಾನು ಸೆರಗಿನೊಳಗೇ ನಕ್ಕೆ. ಅಕ್ಕ ಬಾಣಂತಿ ಕೋಣೆಯಲ್ಲಿ ಮಲಗಿಕೊಂಡೇ ನನಗಾಗಿ ಚಕ್ಕಡಿ ಹೂಡಿಸಿದ್ದಳು.

ಭಾವನವರು ಧೋತರ ಎತ್ತಿ ಹಿಡಿದು ಹತ್ತಿ ಕುಳಿತರು. ಚಕ್ಕಡಿಯವನು ನನ್ನ ಕಡೆ ನೋಡಿದ.

"ನಡಿ ಹೋಗೂಣು. ಅಕಿ ಹಿಂದ ನಡಕೋತ ಬರ್ತಾಳ" ಎಂದರು ಭಾವನವರು.

ಚಕ್ಕಡಿ ಹೋಯಿತು. ಗಂಟನ್ನಾದರೂ ಅದರಲ್ಲಿ ಇಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಐವತ್ತು ವರ್ಷದಿಂದ ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ಅವರಿಗೆ ಅದು ಹೊಳೆಯಲಿಲ್ಲ, ನನಗೆ ಬಾಯಿ ಬರಲಿಲ್ಲ.

ಗಂಟು ತಲೆಯ ಮೇಲೆ ಹೊತ್ತು ಗಾಲಿಯ ಜಾಡಿನಲ್ಲೇ ನಡೆದೆ. ಅರ್ಧ ಹಾದಿಗೆ ಒಂದು ಬೇವಿನ ಗಿಡ, ಅದರ ಸುತ್ತ ಕಟ್ಟೆ. ಅಲ್ಲಿ ಚಕ್ಕಡಿ ನಿಂತಿತ್ತು. ಗಡ್ಡೆಯ ಹಿರಿಯರೆಲ್ಲ ಕಟ್ಟೆಯ ಮೇಲೆ ಕುಳಿತಿದ್ದರು, ನಡುವೆ ಭಾವನವರು, ಎಲೆ ತಂಬಾಕು, ಮಾತು. ಹಿರಿಯರು ಕುಳಿತ ಕಟ್ಟೆಯ ಮುಂದೆ ಸೊಸೆಯಂದಿರು ಹಾಯುವ ಪದ್ಧತಿ ಆಗ ಇರಲಿಲ್ಲ. ಕಾಲಲ್ಲಿ ಚಪ್ಪಲಿ ಇದ್ದರಂತೂ ಮುಗಿದೇಹೋಯಿತು. ನಾನು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಒಂದು ಜಾಲಿಯ ಮರೆಗೆ ನಿಂತೆ. ಏಳುತ್ತಾರೆ, ಈಗ ಏಳುತ್ತಾರೆ. ನೆರಳು ಕಾಲಡಿಗೆ ಬಂತು, ಅವರು ಏಳಲಿಲ್ಲ. ನಾನು ಹಾದಿ ಬಿಟ್ಟು ಹೊಳೆಯ ದಂಡೆ ಹಿಡಿದು ಗಡ್ಡೆಯನ್ನೇ ಸುತ್ತಿ ಹೋಗಲು ತಿರುಗಿದೆ.

ಬೇಸಿಗೆಯ ಮರಳು, ಮಲ್ಲು. ಹಂಚು ಕಾದಂತೆ ಕಾದಿತ್ತು. ಸ್ವಲ್ಪ ದೂರದಲ್ಲಿ ಕಲ್ಲಂಗಡಿ ಬಳ್ಳಿಗೆ ನೀರು ಹಾಕುತ್ತಿದ್ದ ಹೆಂಗಸೊಬ್ಬಳು ಕೊಡ ಇಳಿಸಿ ನನ್ನನ್ನೇ ನೋಡಿದಳು. ಅವಳ ಹೆಸರು ಹುಸೇನಬಿ ಎಂದು ಆಮೇಲೆ ತಿಳಿಯಿತು.

"ಚಪ್ಪಲಿ ಕೈಯಾಗ ಹಿಡಕೊಂಡು ಯಾರಿಗೆ ಮರ್ಯಾದಿ ಕೊಡಾಕತ್ತೀಯವ್ವ, ಹೊಳಿಗೇನು?"

ಆಗ ನೋಡಿಕೊಂಡೆ. ಕಟ್ಟೆ ಎಲ್ಲಿಯೋ ಉಳಿದಿತ್ತು. ನೋಡುವ ಒಂದು ನರಪಿಳ್ಳೆಯೂ ಇರದ ಮರಳಿನಲ್ಲಿ ಅಂಗಾಲು ಬೊಬ್ಬೆ ಏಳುವವರೆಗೆ ಬರಿಗಾಲಲ್ಲಿ ಬಂದಿದ್ದೆ. ನಡುಹಾದಿ ಬಿಟ್ಟು ಇತ್ತ ಯಾಕೆ ಬಂದೆ ಎಂದು ಕೇಳಿದಳು. ಕಟ್ಟೆಯ ಮೇಲೆ ಹಿರಿಯರು ಕುಳಿತಿದ್ದಾರೆ ಎಂದೆ.

"ಅವರು ದಿನಾ ಕುಂದರ್ತಾರ. ಹಾದಿ ಅವರಪ್ಪಂದೇನು?"

ಹೀಗೆ ಬೈಯುತ್ತಲೇ ನನ್ನ ಗಂಟನ್ನು ತನ್ನ ತಲೆಗೆ ಏರಿಸಿಕೊಂಡಳು. ಮುಂದೆ ಒಂದು ಕೊರಕಲಿನಲ್ಲಿ ಮೊಳಕಾಲು ಮಟ್ಟ ಕೆಸರು. ಕೈ ಹಿಡಿದು ದಾಟಿಸಿ, ಅಕ್ಕನ ಮನೆಯ ಹಿತ್ತಿಲು ತೋರಿಸಿ ಹೋದಳು. ಅವತ್ತು ಆ ಗಡ್ಡೆಯಲ್ಲಿ ನನ್ನ ಭಾರ ಹೊತ್ತವಳು ಅವಳೊಬ್ಬಳೇ.

ಒಳಗೆ ಹೋದಾಗ ಗುಗ್ಗರಿ ಹಂಚುತ್ತಿದ್ದರು. ಗೌರಿ ಎಂದು ಹೆಸರಿಟ್ಟಾಗಿತ್ತು. ಕೂಸು ತೊಟ್ಟಿಲಲ್ಲಿ, ತಲೆಯ ಮೇಲೆ ಬಿಳಿಯ ಕುಲಾವಿ, ಗಂಡನ ಮನೆಯದು. ಪಡಸಾಲೆಯಲ್ಲಿ ಭಾವನವರು ಕುಳಿತಿದ್ದರು. ಮಾತು ಮುಗಿಸಿ ಚಕ್ಕಡಿಯಲ್ಲಿ ಯಾವಾಗಲೋ ಬಂದುಬಿಟ್ಟಿದ್ದರು. ತವರಿನವರಿಗೆಂದು ತಂದಿಟ್ಟ ಶಾಲು ಅವರ ಹೆಗಲ ಮೇಲಿತ್ತು.

ಅಕ್ಕನ ಅತ್ತೆ ನೆರೆದ ಹೆಂಗಸರಿಗೆ ಹೇಳುತ್ತಿದ್ದಳು: "ತವರಿನವರು ಬರ್ತಾರಂತ ಚಕ್ಕಡಿ ಕಳಿಸಿದ್ರ, ಅದರಾಗ ಬರೇ ಮೀಸಿ ಬಂತು." ಎಲ್ಲರೂ ನಕ್ಕರು. ನನ್ನನ್ನು ಕಂಡು, "ಈಗ ಬಂದ್ಯಾ? ಹೊತ್ತು ಮೀರತಿತ್ತು, ನಮ್ಮದ ಹಾಕಿದ್ವಿ" ಎಂದಳು. ಯಾಕೆ ತಡವಾಯಿತೆಂದು ಹೇಳಬೇಕಾಗಿತ್ತು. ಹೇಳಬಲ್ಲವರು ಶಾಲು ಹೊದ್ದು ಗುಗ್ಗರಿ ತಿನ್ನುತ್ತಿದ್ದರು. ನಾನು ಕುಲಾವಿಯನ್ನು ಗಂಟಿನೊಳಗೇ ತುರುಕಿದೆ.

ಅಕ್ಕ ಕೋಣೆಯಲ್ಲಿ ನನ್ನ ಕಾಲು ನೋಡಿದಳು. ಕೂಸಿಗೆಂದು ಇಟ್ಟ ಔಡಲೆಣ್ಣೆ ತೆಗೆದು, ಹಸಿ ಬಾಣಂತಿ, ನನ್ನ ಅಂಗಾಲಿಗೆ ಹಚ್ಚಿದಳು. ಅಷ್ಟರಲ್ಲಿ ಹೊರಗೆ ಭಾವನವರ ಕೆಮ್ಮು. ಹರಗೋಲಿನ ಹೊತ್ತಾಯಿತೆಂದು ಅದರ ಅರ್ಥ. ಸುತ್ತಿ ಹೋಗಬೇಕಾದರೆ ನಾನು ಆಗಲೇ ಏಳಬೇಕಿತ್ತು.

ಅಕ್ಕ ನನ್ನ ಸೆರಗು ಹಿಡಿದಳು. "ನಡುವಿನ ಹಾದೀಲೆ ಹೋಗ. ಇನ್ನ ಸ್ವಲ್ಪ ಹೊತ್ತು ಕುಂದರಾಕ ಬರ್ತೈತಿ."

"ಬ್ಯಾಡಕ್ಕಾ, ಕಟ್ಟಿ ಐತಿ."

ಅವಳು ಸೆರಗು ಬಿಟ್ಟು ಗೋಡೆಯ ಕಡೆ ಮುಖ ಮಾಡಿದಳು. ಗಂಟನ್ನು ಅವಳ ಮಗ್ಗುಲಲ್ಲಿ ಬಿಟ್ಟು ನಾನು ಮತ್ತೆ ಅದೇ ಮರಳಿನಲ್ಲಿ ಸುತ್ತಿ ಹೋದೆ. ಭಾವನವರ ಮೇಲಿನ ಸಿಟ್ಟು ಅವರು ತೀರಿಕೊಂಡಾಗ ಅರ್ಧ ಹೋಯಿತು. ಈ ಮಾತಿನ ಮೇಲಿನ ಸಿಟ್ಟು ಹೋಗಿಲ್ಲ, ಯಾಕೆಂದರೆ ಅದನ್ನು ಆಡಿದವಳು ನಾನು. ಬಾಯಿಲ್ಲದವಳಿಗೆ ಅವತ್ತು ಬಾಯಿ ಬಂದದ್ದು ಅದೊಂದು ಮಾತಿಗೆ.

ಆಮೇಲೆ ಅಕ್ಕ ತಂಗಿ ಎಷ್ಟೋ ಸಲ ಕೂಡಿದೆವು. ಕುಲಾವಿಯ ಮಾತನ್ನು ಅವಳು ತೆಗೆಯಲಿಲ್ಲ, ನಾನು ಕೇಳಲಿಲ್ಲ. ಯಾವುದೋ ಮೂಲೆಗೆ ಬಿದ್ದಿರಬೇಕೆಂದು ತಿಳಿದಿದ್ದೆ.

ಮೊನ್ನೆ ನೀವು ಫೋನು ನೋಡುತ್ತಿದ್ದಾಗ ನಾನು ಕುಲಾವಿಯನ್ನು ತಿರುವಿ ನೋಡಿದೆ. ಒಳಗೆಲ್ಲ ಎಣ್ಣೆಯ ಕಲೆ. ಕೆಂಪು ಲಾಡಿಯ ಒಂದು ತುದಿಯನ್ನು ಕೂಸು ಕಚ್ಚಿ ಕಚ್ಚಿ ದಾರದಾರ ಮಾಡಿದೆ. ಇನ್ನೊಂದು ತುದಿಗೆ ನೀಲಿ ಬಟ್ಟೆಯ ತುಂಡಿನ ಜೋಡಣೆ ಇದೆ. ಅಕ್ಕನ ಸೀರೆಯದು, ಅಕ್ಕನ ಹೊಲಿಗೆ. ಕೂಸು ಬೆಳೆದ ಹಾಗೆ ಲಾಡಿ ಸಾಲದೆ ಉದ್ದ ಮಾಡಿದ್ದಾಳೆ.

"ಆ ಬಿಳೀದನ್ನ ಅವ್ವ ಅವತ್ತ ಸಂಜೀಕನ ತೆಗದಿದ್ಲಂತ, ಚಿಕ್ಕವ್ವಾ" ಎಂದಳು ಗೌರಿ. "ನನಗ ಬುದ್ಧಿ ಬರೂತನಾ ಇದನ್ನ ಹಾಕ್ತಿದ್ಲು."

ಅವತ್ತಿನಿಂದ ಅದು ನನ್ನ ಮಗ್ಗುಲಲ್ಲೇ ಇದೆ.

ನಿನ್ನೆ ಹಿಟ್ಟಿನ ಗಿರಣಿಗೆ ಹೋಗುವುದಿತ್ತು. ನಮ್ಮ ಊರಿನ ಕಟ್ಟೆ ತಪ್ಪಿಸಲು ನಾನು ಯಾವಾಗಲೂ ಹಿಂದಿನ ಓಣಿಯಿಂದಲೇ ಹೋಗುವವಳು. ಅಲ್ಲಿ ಕೂಡುವವರು ಈಗ ನನಗಿಂತ ಸಣ್ಣವರು, ಆದರೂ ಓಣಿ ಬಿಟ್ಟಿರಲಿಲ್ಲ. ನಿನ್ನೆ ಕಟ್ಟೆಯ ಮುಂದಿನಿಂದಲೇ ಹೋದೆ. ಒಬ್ಬ ಎದ್ದು, "ಯಾಕಮ್ಮಾ, ಇವತ್ತ ಇತ್ತಾಗಿಂದ?" ಎಂದ. "ಹಾದಿ ಐತಲ್ಲಪ" ಎಂದೆ. ಚಪ್ಪಲಿ ಕಾಲಲ್ಲೇ ಇತ್ತು.

ಮಲ್ಲು, ನೀನು ಗಾಡಿ ಹತ್ತಿದಾಗ ಹಿಂದೆ ಯಾರಾದರೂ ನಡೆದು ಬರುತ್ತಿದ್ದಾರೆಯೇ ನೋಡು, ಅವರ ಗಂಟನ್ನಾದರೂ ಇಸಿದುಕೋ. ಕಾವ್ಯಾ, ನೀನು ಸುತ್ತಿ ಹೋಗಬೇಡ. ಈ ಹಾಳೆಗಳನ್ನು ಕುಲಾವಿಯ ಜೊತೆಗೇ ಮಡಿಚಿ ಇಟ್ಟಿದ್ದೇನೆ. ಮುಂದಿನ ಸಲ ಬಂದಾಗ ಒಯ್ಯಿರಿ, ನೀರು ನುಸಿ ತಾಗದಂತೆ ಜೋಪಾನವಾಗಿ ಇಡಿ. ಆದರೆ ಟ್ರಂಕಿನ ತಳಕ್ಕೆ ಹಾಕಬೇಡಿ. ಕೈಗೆ ಸಿಗುವ ಹಾಗೆ ಮೇಲೆಯೇ ಇರಲಿ.