ಬಾರದ ಎದುರಾಳಿ

ಒಂದೇ ಓಟದಲ್ಲಿ ಮೊದಲನೆಯವರಾಗಿಯೂ ಕೊನೆಯವರಾಗಿಯೂ ಬಂದವರನ್ನು ನೀವು ನೋಡಿರಲಾರಿರಿ. ಅಂಥವರಲ್ಲಿ ನಾನೊಬ್ಬಳು. ಎಪ್ಪತ್ತರ ದಶಕದಲ್ಲಿ ಇಳಕಲ್ಲಿನ ನಮ್ಮ ಹೈಸ್ಕೂಲಿನಿಂದ ಓಟಕ್ಕೆ ಹೆಸರು ಕೊಟ್ಟ ಹುಡುಗಿ ನಾನೊಬ್ಬಳೇ. ಹುನಗುಂದದ ತಾಲೂಕು ಪಂದ್ಯಕ್ಕೆ ಹೋದರೆ ಅಲ್ಲಿಯೂ ನಾನೊಬ್ಬಳೇ. ಉಳಿದ ಹುಡುಗಿಯರದೆಲ್ಲ ರಂಗೋಲಿ, ಹಾಡು. ತೀರ ಧೈರ್ಯವಂತೆಯರಾದರೆ ಬಾಯಲ್ಲಿ ಚಮಚ, ಅದರಲ್ಲೊಂದು ನಿಂಬೆಹಣ್ಣು. ಆದರೂ ಸೀಟಿ ಊದಿ ನನ್ನನ್ನು ಮೈದಾನದ ಸುತ್ತ ಓಡಿಸುತ್ತಿದ್ದರು. ಓಡದೆ ಬಹುಮಾನ ಕೊಡುವಂತಿಲ್ಲವಲ್ಲ!

"ನಡಕೋತ ಬಂದ್ರೂ ಫಸ್ಟ್ ನೀನ ಬಿಡವಾ ತಂಗಿ!" ಎಂದು ಶೇಂಗಾ ತಿನ್ನುತ್ತ ಕೂತವರು ಕೂಗುತ್ತಿದ್ದರು. ನಾನು ಮಾತ್ರ ಹುಲಿ ಬೆನ್ನಟ್ಟಿದಂತೆ ಓಡಿ, ಸ್ಟೀಲಿನ ಲೋಟ ಗೆದ್ದು ಬರುತ್ತಿದ್ದೆ. ಮೂರು ಲೋಟ ಮನೆಗೆ ಬಂದ ಮೇಲೆ, ನನ್ನನ್ನು ಸೋಲಿಸುವವರು ಇನ್ನೂ ಹುಟ್ಟಿಲ್ಲವೆಂಬ ನಂಬಿಕೆಯೂ ಬಂತು. ಹುಟ್ಟಿದ್ದಳು. ಬಾದಾಮಿ ಕಡೆಯ ಒಂದು ಹಳ್ಳಿಯಲ್ಲಿ.

ಆ ವರ್ಷ ಬಾಗಲಕೋಟೆಯ ಪಂದ್ಯಕ್ಕೆ ಹೋದಾಗ ನಮ್ಮ ಡ್ರಿಲ್ ಮಾಸ್ತರು ಓಡುತ್ತ ಬಂದು, "ಇವತ್ತ ನಿನಗ ಜೋಡಿ ಸಿಕ್ಕಾಳ ನೋಡವಾ" ಎಂದರು. ಸಂತೋಷದ ಸುದ್ದಿ. ನಾನು ಮಾತ್ರ ಎರಡೆರಡು ಸಲ ಜಡೆ ಬಿಗಿದುಕೊಂಡೆ. ದೂರದಲ್ಲಿ ನಿಂತಿದ್ದ ಹುಡುಗಿಯನ್ನು ನೋಡಿದೆ. ಹೆಸರು ನೀಲವ್ವ, ಬರಿಗಾಲು, ಎಣ್ಣೆ ಹಚ್ಚಿ ಬಿಗಿದ ಜಡೆ. ಅವಳು ಏನೂ ಮಾಡುವ ಮೊದಲೇ ನನಗೆ ಅವಳ ಮೇಲೆ ಸಿಟ್ಟು ಬಂತು. ಅವಳು ನೀರು ಕುಡಿದರೆ ನಾನೂ ಕುಡಿದೆ. ಅವಳ ಕಾಲುಗಳು ನನ್ನವಕ್ಕಿಂತ ಗೇಣುದ್ದ ಹೆಚ್ಚಿರುವಂತೆ ಕಂಡವು. ಪಕ್ಕಕ್ಕೆ ಬಂದು ನಿಂತಾಗ ನೋಡಿದರೆ ಅವಳು ನನ್ನ ಭುಜಕ್ಕೆ ಬರುತ್ತಿದ್ದಳು! ಅಂಜಿದ ಕಣ್ಣಿಗೆ ಅಳತೆಯ ಪಟ್ಟಿ ಬೇರೆಯೇ ಇರುತ್ತದೆ.

ಸೀಟಿ ಊದಿದರು. ಬೆನ್ನ ಹಿಂದೆ ಇನ್ನೊಬ್ಬರ ಹೆಜ್ಜೆಯ ಸಪ್ಪಳವನ್ನು ಜೀವನದಲ್ಲಿ ಮೊದಲ ಸಲ ಕೇಳಿದೆ. ಅದು ಹತ್ತಿರವಾದಷ್ಟೂ ನನ್ನ ಕಾಲಿಗೆ ಎಲ್ಲಿಂದಲೋ ಬಲ ಬರುತ್ತಿತ್ತು. ಅಷ್ಟು ಜೋರಾಗಿ ನಾನು ಎಂದೂ ಓಡಿರಲಿಲ್ಲ. ಓಡಿ, ಕೊನೆಯ ತಿರುವಿನಲ್ಲಿ ಸೋತೆ.

ಬೇವಿನ ಮರದ ಹಿಂದೆ ಕೂತು ಅಳುತ್ತಿದ್ದಾಗ ನೀಲವ್ವ ಚುರಮರಿಯ ಪೊಟ್ಟಣ ಹಿಡಿದು ಬಂದಳು.

"ಯಾಕ ಅಳ್ತೀ? ನಿನ್ನ ನೋಡಿ ನನಗ ಮುಂಜಾನಿಂದ ಕೈಕಾಲು ನಡುಗಾಕತ್ತಿದ್ವು."

"ನಿನಗೂ ಅಂಜಿಕಿ ಆಗಿತ್ತೇನು?"

"ಭಾಳ! ಆದರ ಖರೆ ಹೇಳ್ಲಿ? ನಮ್ಮ ಕಡೆ ನಾ ಒಬ್ಬಾಕಿನ ಓಡ್ತೇನಿ. ಇವತ್ತ ಚಲೋ ಅನಿಸ್ತು. ಮುಂದಿನ ವರ್ಷ ಬರ್ತೀ ಹೌದಿಲ್ಲೋ?"

"ಬರ್ತೇನಿ. ನಿನ್ನ ಸೋಲಸಾಕ."

"ಬಾ ಮತ್ತ" ಎಂದು ನಕ್ಕು, ಪೊಟ್ಟಣವನ್ನು ನನ್ನ ಮುಂದೆ ಹಿಡಿದಳು.

ನಮ್ಮ ಕಡೆ ಕುಸ್ತಿಯಲ್ಲಿ ಎದುರಾಳಿಗೆ ಜೋಡಿ ಎನ್ನುತ್ತಾರೆ. ಎತ್ತಿಗೂ ಜೋಡಿ, ಗಂಡಹೆಂಡಿರಿಗೂ ಜೋಡಿ, ಮಣ್ಣಿನಲ್ಲಿ ಬೀಳಿಸಲು ಬಂದವನೂ ಜೋಡಿಯೇ. ಈ ಮಾತು ಹುಟ್ಟಿಸಿದವರು ಎಷ್ಟು ತಿಳಿದವರೆಂದು ನನಗೆ ಆ ವರ್ಷ ಅರ್ಥವಾಯಿತು. ದಿನಾ ನಸುಕಿನಲ್ಲಿ ಊರ ಹೊರಗಿನ ರಸ್ತೆಯಲ್ಲಿ ಓಡುತ್ತಿದ್ದೆ. "ಯಾರ ಬೆನ್ನ ಹತ್ಯಾರಂತ ಹಿಂಗ ಓಡ್ತೀಯ?" ಎಂದು ಅವ್ವ ಬೈಯುತ್ತಿದ್ದಳು. ಯಾರೆಂದು ಹೇಳಲಿ? ಇಳಕಲ್ಲಿನಲ್ಲಿ ಕಣ್ಣಿಗೆ ಕಾಣದ ನೀಲವ್ವ ದಿನವೂ ನನ್ನ ಹಿಂದೆಯೇ ಓಡುತ್ತಿದ್ದಳು. ಅವಳ ಜೊತೆ ಜಗಳಾಡುತ್ತಿದ್ದೆ, ಸುಸ್ತಾದಾಗ ಮಾತೂ ಆಡುತ್ತಿದ್ದೆ. ಅಷ್ಟು ಹತ್ತಿರದ ಗೆಳತಿ ನನಗೆ ಬೇರೆ ಇರಲಿಲ್ಲ.

ಮರುವರ್ಷ ಬಾಗಲಕೋಟೆಗೆ ಅವಳ ಶಾಲೆಯ ಮಾಸ್ತರು ಬಂದಿದ್ದರು. ಅವಳು ಬಂದಿರಲಿಲ್ಲ.

"ಆಕಿನ್ನ ಮದುವಿ ಮಾಡಿ ಕೊಟ್ರವಾ" ಎಂದರು.

ಸ್ವಲ್ಪ ಕಾಯೋಣವೆಂದು ನಮ್ಮ ಡ್ರಿಲ್ ಮಾಸ್ತರನ್ನು ಕೇಳಿದೆ. "ಮದುವ್ಯಾದಾಕಿ ಎಲ್ಲಿಂದ ಬರ್ತಾಳ? ಓಡಿ ಮುಗಸು" ಎಂದರು. ಅವರದೇನೂ ತಪ್ಪಿಲ್ಲ. ಓಡಿದೆ. ಎಷ್ಟು ಕಿವಿಗೊಟ್ಟರೂ ನನ್ನ ಹೆಜ್ಜೆಯದೇ ಸಪ್ಪಳ. ಕೊನೆಯ ತಿರುವಿನಲ್ಲಿ ತಿರುಗಿ ನೋಡಿದೆ, ಬಿಳಿ ಸುಣ್ಣದ ಗೆರೆಯಷ್ಟೇ ಇತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಾನು ಮತ್ತೆಂದೂ ನಿಂತಿಲ್ಲ. ಆಮೇಲೆ ಓಟಕ್ಕೆ ಹೆಸರು ಕೊಡಲಿಲ್ಲ. ಮದುವೆಯಾಗಿ ಹೋದವಳು ಅವಳು, ಓಡುವುದು ನಿಂತದ್ದು ಇಬ್ಬರದೂ.

ಆರೇಳು ವರ್ಷದ ಮೇಲೆ ನಾನು ಕೂತಿದ್ದ ಧಾರವಾಡದ ಬಸ್ಸು ಕುಳಗೇರಿ ಕ್ರಾಸಿನಲ್ಲಿ ನಿಂತಿತ್ತು. ತಲೆಯ ಮೇಲೆ ಪೇರಲ ಹಣ್ಣಿನ ಬುಟ್ಟಿ ಹೊತ್ತವಳೊಬ್ಬಳು ಕಿಟಕಿಯ ಕೆಳಗೆ ಬಂದು, ಹಣ್ಣು ಬೇಕೇ ಎಂದು ಕೇಳಲು ಬಾಯಿ ತೆರೆದವಳು ನನ್ನ ಮುಖವನ್ನೇ ದಿಟ್ಟಿಸಿದಳು.

"ಇಳಕಲ್ಲಾಕಿ ಅಲ್ಲ ನೀ?"

ನೀಲವ್ವ! ನಾನು ಏಳುವ ಮೊದಲೇ ಅವಳ ಪ್ರಶ್ನೆ ಬಂತು. ಗಂಡನ ಸುದ್ದಿಯಿಲ್ಲ, ಮಕ್ಕಳ ಸುದ್ದಿಯಿಲ್ಲ.

"ಆಮ್ಯಾಲಿನ ವರ್ಷ ನಿನ್ನ ಸಂಗಾಟ ಯಾರು ಓಡಿದ್ರು?"

"ಯಾರೂ ಇಲ್ಲ. ನಾ ಒಬ್ಬಾಕಿನ."

"ಫಸ್ಟ್ ಬಂದಿ?"

"ಹೂಂ."

ಅವಳ ಮುಖ ಬಾಡಿತು. "ಅಯ್ಯ, ಪಾಪ!" ಎಂದಳು.

ನಾನು ಗೆದ್ದ ಸುದ್ದಿ ಕೇಳಿ ಮರುಗಿದವಳು ಈ ಲೋಕದಲ್ಲಿ ಅವಳೊಬ್ಬಳೇ. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಬಸ್ಸು ಕದಲಿತು. ನೀಲವ್ವ ಒಂದು ಕೈಯಿಂದ ಬುಟ್ಟಿ, ಇನ್ನೊಂದರಿಂದ ನೆರಿಗೆ ಹಿಡಿದು ಕಿಟಕಿಯ ಸಮಕ್ಕೆ ನಡೆದಳು. ನಡಿಗೆ ಬಿರುಸಾಯಿತು. ಬಸ್ಸು ವೇಗ ಹಿಡಿಯುವ ಮುನ್ನ ಒಂದು ಕ್ಷಣ ಅವಳು ನನ್ನನ್ನು ದಾಟಿ ಮುಂದೆ ಹೋದಳು. ಹೋಗಿ, ತಿರುಗಿ ನೋಡಿ ನಕ್ಕಳು. ಸೋಲುವುದರಲ್ಲಿ ಅಷ್ಟು ಸುಖವಿದೆಯೆಂದು ನನಗೆ ಯಾವ ಮಾಸ್ತರೂ ಕಲಿಸಿರಲಿಲ್ಲ.