ಮುತ್ಯಾನ ಭುಜದ ಗಾದಿ

ನೀವು ಇದನ್ನು ನಂಬುವುದಿಲ್ಲ. ನನ್ನ ಗೆಳತಿಯರೇ ನಂಬಿಲ್ಲ, ನನ್ನ ಹಳೆಯ ಬುರುಡೆಗಳ ದಾಖಲೆ ನೋಡಿದರೆ ಅವರದೂ ತಪ್ಪಲ್ಲ ಅನ್ನಿ. ಆದರೆ ಗಂಜಿ ಹಾಕಿದ ನೂಲಿನ ವಾಸನೆಗೆ ಬಂದೂಕಿನ ಎಣ್ಣೆಯ ವಾಸನೆ ಬೆರೆತರೆ ಹೇಗಿರುತ್ತದೆ ಎಂದು ಇಡೀ ಇಳಕಲ್ಲಿನಲ್ಲಿ ನನಗೊಬ್ಬಳಿಗೇ ಗೊತ್ತು. ಅದು ನಮ್ಮ ಮಗ್ಗದ ಕೋಣೆಯ ವಾಸನೆ. ಅಜ್ಜಿ ಕುಣಿಮಗ್ಗದ ಗುಂಡಿಗೆ ಇಳಿದು ಕೂತು ಸೀರೆ ನೇಯುತ್ತಿದ್ದಳು, ಪಕ್ಕದಲ್ಲಿ ಮುತ್ಯಾ ರೈಫಲ್ ಒರೆಸುತ್ತಿದ್ದ. ಮುತ್ಯಾ ಎಂದರೆ ನನ್ನ ಅಪ್ಪನ ಅಪ್ಪ, ಮಿಲಿಟರಿಯಿಂದ ಬಂದವ. ಗುಡೂರಿನ ಹೊಲಕ್ಕೆ ನುಗ್ಗುವ ಹಂದಿಗಳಿಗೆಂದು ಲೈಸೆನ್ಸ್ ಪಡೆದಿದ್ದ. ಹೊಡೆದದ್ದೆಲ್ಲ ಮಣ್ಣಿನ ಒಡ್ಡಿಗೇ. ಹಂದಿಗಳು ಸಾಲಾಗಿ ಕೂತು ನೋಡುತ್ತಿದ್ದವು. ಬಂದೂಕಿನ ಒದೆತ ತಡೆಯಲೆಂದು ಅಜ್ಜಿ ಅವನಿಗೆ ಸೀರೆಯ ತುಂಡುಗಳಲ್ಲಿ ಉಳಿದ ನೂಲು ತುಂಬಿ, ಭುಜಕ್ಕೆ ಕಟ್ಟುವ ಪುಟ್ಟ ಗಾದಿ ಹೊಲಿದುಕೊಟ್ಟಿದ್ದಳು.

ಒಮ್ಮೆ ಮುತ್ಯಾ ನನಗೂ ಆ ಗಾದಿ ಕಟ್ಟಿ ಹೊಲದಲ್ಲಿ ನಿಲ್ಲಿಸಿದ. ಹೆದರಿ ನಾನು ಬಂದೂಕಿನ ಹಿಂಬದಿಯನ್ನು ಭುಜದಿಂದ ಚೂರು ದೂರ ಹಿಡಿದೆ. ಒದೆತಕ್ಕೆ ಹಾರಿ ಐಹೊಳೆಯ ಗುಡಿಯ ಮೇಲೆ ಬಿದ್ದೆ ಎಂದು ಸಾಲೆಯಲ್ಲಿ ಹೇಳಿದ್ದೇನೆ. ಬಿದ್ದದ್ದು ಹಿಂದಿದ್ದ ಸಗಣಿಯಲ್ಲಿ. ಭುಜದ ಮೇಲೆ ಬದನೆಕಾಯಿಯಂಥ ಬಾವು.

"ನಡುವ ಜಾಗಾ ಬಿಟ್ರ ಅದು ಒದಿತೈತಿ, ಯವ್ವಾ. ಒತ್ತಿ ಹಿಡಕೊಂಡ್ರ ಬರೇ ನೂಕತೈತಿ," ಎಂದ ಮುತ್ಯಾ. "ಗಲ್ಲಾ ಹಚ್ಚು. ಮುಂದಕ ಬಾಗು. ನಾ ಹಿಂದ ಅದೇನಿ."

ನನ್ನ ಬೆನ್ನಿನ ನಡುವೆ ಅಂಗೈ ಇಟ್ಟು ಮುಂದಕ್ಕೆ ಬಾಗಿಸಿದ. ಎರಡನೆಯ ಗುಂಡಿಗೆ ನಾನು ಅಲುಗಲಿಲ್ಲ.

ಅಜ್ಜಿ ಹೋದ ಮೇಲೆ ಮಗ್ಗ ನಿಂತಿತು. ಮರುವರ್ಷ ಮುತ್ಯಾ ಹೋದ, ರೈಫಲ್ ಪೊಲೀಸ್ ಠಾಣೆ ಸೇರಿತು. ಅಪ್ಪ ಆ ಕೋಣೆ ಕೆಡವಿ ಪವರ್‌ಲೂಮ್ ಹಾಕಿಸುವವನಿದ್ದ, ಸೋಮವಾರ ಕೆಲಸದವರು ಬರುವವರು. ಉಳಿದ ನಾಲ್ಕು ಮಧ್ಯಾಹ್ನ ನಾನು ಬಾಗಿಲು ಹಾಕಿಕೊಂಡು, ಗಾದಿ ಕಟ್ಟಿ, ಒನಕೆಯನ್ನೇ ಬಂದೂಕು ಮಾಡಿ ನಿಂತೆ. ಒತ್ತಿ ಹಿಡಿದೆ, ಗಲ್ಲ ಹಚ್ಚಿದೆ, ಬಾಗಿದೆ. ಬೆನ್ನಿಗೆ ಅಂಗೈ ಬಂತು.

ಇಲ್ಲಿಂದ ಮುಂದೆ ನಾನು ಒಂದಕ್ಕೆ ಎರಡು ಸೇರಿಸಿಲ್ಲ. ಮೊದಲ ದಿನ ಅದು ಹಗುರವಾಗಿತ್ತು. ನನಗೆ ಹೆದರಿಕೆ ಆಗಲಿಲ್ಲ, ಅಳು ಬಂತು. ಎರಡನೆಯ ದಿನ ಐದೂ ಬೆರಳು ತಿಳಿದವು. ಮೂರನೆಯ ದಿನ ಒನಕೆ ಒದೆಯಿತು. ಸ್ನಾನದಲ್ಲಿ ನೋಡಿದರೆ ಭುಜ ಕಪ್ಪಾಗಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಕೋಣೆಗೆ ಬೀಗ ಬೀಳುತ್ತಿತ್ತು, ಮುತ್ಯಾ ಎರಡನೆಯ ಸಲ ಹೋಗುತ್ತಿದ್ದ. ನಾಲ್ಕನೆಯ ದಿನ ಆ ಕೈ ನನ್ನನ್ನು ಬಾಗಿಸುತ್ತಾ, ಬಾಗಿಸುತ್ತಾ ಮಗ್ಗದ ಕುಣಿಯ ಅಂಚಿಗೆ ತಂದಿತು. ಕಾಲು ಹಿಂದೆಗೆಯಲು ಆಗಲಿಲ್ಲ. ನಿಜ ಹೇಳಬೇಕೆಂದರೆ, ಹಿಂದೆಗೆಯುವ ಮನಸ್ಸೂ ಇರಲಿಲ್ಲ.

ಆಗ ಅಪ್ಪ ಬಾಗಿಲು ನೂಕಿಕೊಂಡು ಒಳಗೆ ಬಂದ. ಬೈಯಲಿಲ್ಲ. ನನ್ನನ್ನು ನೋಡಲೂ ಇಲ್ಲ. ನನ್ನ ತಲೆಗಿಂತ ಒಂದು ಗೇಣು ಮೇಲೆ, ನನ್ನ ಬೆನ್ನ ಹಿಂದಕ್ಕೆ ನೋಡಿದ.

"ಯಪ್ಪಾ, ಸಾಕು," ಎಂದ ಮೆಲ್ಲಗೆ. "ಕೂಸಿನ್ನ ಬಿಡು."

ಬೆನ್ನು ಹಗುರಾಯಿತು. ಅಪ್ಪ ತಲೆ ತಗ್ಗಿಸಿ, ಹಿರಿಯರು ಹೊರಗೆ ಹೋಗುವಾಗ ದಾರಿ ಬಿಡುವಂತೆ, ಹೊಸ್ತಿಲಿನಿಂದ ಪಕ್ಕಕ್ಕೆ ಸರಿದು ನಿಂತ.