ಅಜ್ಜಿಯ ಕಿವಿ, ಅಪ್ಪನ ವಿಮಾನ

ನಿನ್ನೆ ಪಿ.ಜೆ. ಬಡಾವಣೆಯ ಅಕ್ಕಸಾಲಿಗರ ಅಂಗಡಿಯಲ್ಲಿ ಮೊಮ್ಮಗಳಿಗೆ ಕಿವಿ ಚುಚ್ಚಿಸುವಾಗ ನನಗೆ ಅಪ್ಪನ ವಿಮಾನ ನೆನಪಾಯಿತು. ನಗಬೇಡಿ.

ಅಪ್ಪ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಫಿಟ್ಟರ್. ನಾನು ಚಿಕ್ಕವಳಿದ್ದಾಗ ಮನೆಯ ಹಿತ್ತಲಲ್ಲಿ ಒಬ್ಬರೇ ಕೂರುವ ವಿಮಾನ ಕಟ್ಟುತ್ತಿದ್ದರು. ಅಲ್ಯೂಮಿನಿಯಂ ತಗಡು ಕೊರೆದ ಬಿಸಿ ವಾಸನೆ ಅವ್ವನ ಅಡುಗೆಮನೆವರೆಗೂ ಬರುತ್ತಿತ್ತು. ಒಂದು ದಿನ ಡ್ರಿಲ್ ಜಾರಿ, ರೆಕ್ಕೆಯ ಬುಡದಲ್ಲಿ ತಗಡು ಬೆಸೆಯುವ ಮೊಳೆ, ಅಂದರೆ ರಿವೆಟ್, ಕೂರಬೇಕಾದ ದುಂಡು ತೂತು ಗೋಧಿಕಾಳಿನಂತೆ ಉದ್ದವಾಯಿತು.

"ರಿವೆಟ್ ತಲೆ ಅಗಲ ಐತೆ, ಮುಚ್ಚಿಕೊಳ್ತೈತೆ ಬಿಡು," ಎಂದು ಅಪ್ಪ ಸುತ್ತಿಗೆ ಎತ್ತಿಕೊಂಡರು.

ಹುಣಸೆಹಣ್ಣು ಬಿಡಿಸುತ್ತಿದ್ದ ಅಜ್ಜಿ ಎದ್ದು ಬಂದು ತೂತನ್ನು ಬೆರಳಿಂದ ಸವರಿ ನೋಡಿದಳು. ಆಮೇಲೆ ಸೆರಗು ಸರಿಸಿ, ಭಾರದ ವಾಲೆ ಜಗ್ಗಿ ಹರಿದುಹೋಗಿದ್ದ ತನ್ನ ಕಿವಿ ತೋರಿಸಿದಳು.

"ಇದೂ ಮೊದಲು ಇಷ್ಟೇ ಉದ್ದ ಇತ್ತಪ್ಪ. ವಾಲೆ ಇಟ್ಟು ಮುಚ್ಚಿಕೊಂಡಿದ್ದೆ. ಭಾರ ಬಿದ್ದಂಗೆಲ್ಲ ಹರೀತಾ ಹೋತು. ನನ್ನದು ಬರೀ ಕಿವಿ. ನೀನು ಇದರಾಗೆ ಕುಂತು ಹಾರೋನು."

ಅಪ್ಪ ಸುತ್ತಿಗೆ ಕೆಳಗಿಟ್ಟರು. ತೂತನ್ನು ದುಂಡಗಾಗುವಷ್ಟು ದೊಡ್ಡದಾಗಿ ಕೊರೆದು, ಅದಕ್ಕೆ ತಕ್ಕ ದಪ್ಪ ರಿವೆಟ್ ಹಾಕಿದರು. ಆಮೇಲೆ ಮುಖ ಎತ್ತದೆ, ಮೊದಲೇ ಹಾಗೆ ಮುಚ್ಚಿಹಾಕಿದ್ದ ಇನ್ನೂ ಮೂರು ತೂತುಗಳ ರಿವೆಟ್‌ಗಳನ್ನು ತಾವಾಗಿಯೇ ಬಿಚ್ಚಿದರು.

ಮುಂದಿನ ಬೇಸಿಗೆಯಲ್ಲಿ ಹರಿಹರದ ಹೊಳೆಯಾಚೆಯ ಬಯಲಲ್ಲಿ ವಿಮಾನ ಆಳೆತ್ತರ ಹಾರಿ ಇಳಿಯಿತು. ಎಲ್ಲರೂ ಕೇಕೆ ಹಾಕಿದರು. ಅಜ್ಜಿ ಮಾತ್ರ ಹರಿದ ಕಿವಿಯನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು ನಿಂತಿದ್ದಳು. ಅಪ್ಪ ಇಳಿದು ಬರುವವರೆಗೂ ಬಿಡಲಿಲ್ಲ.

ನಿನ್ನೆ ಅಕ್ಕಸಾಲಿಗರು, "ಮುಂದಕ್ಕೆ ದೊಡ್ಡ ಜುಮಕಿ ತೋರಿಸ್ಲೇನ್ರಿ ಅಮ್ಮ?" ಎಂದರು.

"ಬ್ಯಾಡ್ರಿ, ಹಗುರದ್ದು ತೋರಿಸ್ರಿ," ಎಂದೆ. ನನ್ನ ಬೆರಳು ಆಗಲೇ ನನ್ನ ಕಿವಿ ಹಿಡಿದುಕೊಂಡಿತ್ತು.